‘ಇನ್ನು ಸಾಕು’ ಎನ್ನುವ ಹಕ್ಕು

ಐರ್ಲೆಂಡಿನ ವಾಟರ್‌ಫರ್ಡ್‌ನಲ್ಲಿ ಮಾಸ್ಟರ್ಸ್ ಓದುತ್ತಿದ್ದಾಗ ನಾನೂ ನನ್ನ ರೂಮ್‌ಮೇಟೂ ವಾರಾಂತ್ಯಕ್ಕೆ ಒಂದೇ ಪಬ್‌ನಲ್ಲಿ ಕೆಲಸ ಮಾಡುತ್ತಿದ್ದೆವು. ನಾನು ಕೌಂಟರಿನಲ್ಲಿ, ಬೆಂಗಳೂರಿನವಳಾದ ಅವಳು ಟೇಬಲ್ಲುಗಳಿಂದ ಖಾಲಿ ಗ್ಲಾಸು ಎತ್ತುವವಳು.

ಅದು ಅಲ್ಲಿಯವರ ಕೋಲು-ಚೆಂಡಿನ ಆಟವಾದ ಹರ್ಲಿಂಗ್ ಪಂದ್ಯವಿದ್ದ ಮಧ್ಯಾಹ್ನ. ದಪ್ಪ ಕತ್ತಿನ ಗಿರಾಕಿಯೊಬ್ಬ ಬಾಗಿಲು ತೆರೆದಾಗಿನಿಂದಲೂ ಕುಡಿಯುತ್ತಿದ್ದ. ಅವಳು ಹತ್ತಿರ ಹೋದಾಗಲೆಲ್ಲ ಸೊಂಟಕ್ಕೆ ಕೈ ಹಾಕುತ್ತಿದ್ದ. ಕೈ ತಳ್ಳಿದ್ದಕ್ಕೆ ಅವಳ ಮಣಿಕಟ್ಟನ್ನು ತಿರುಚಿದ. ಅವಳು ಕೌಂಟರಿಗೆ ಬಂದು, "ಅವನಿಗೆ ಇನ್ನು ಕೊಡ್ಬೇಡ ಕಣೇ. ನಿಲ್ಲಕ್ಕೂ ಆಗ್ತಿಲ್ಲ," ಅಂದಳು.

ಅವನು ಬಂದು ಕೇಳಿದಾಗ ನಾನು ಕೊಡುವುದಿಲ್ಲ ಎಂದೆ. ಮಾಲೀಕ ನನ್ನ ಕೈಯಿಂದ ಗ್ಲಾಸು ಕಿತ್ತುಕೊಂಡು, "ಅವನು ಗ್ರ್ಯಾಂಡ್ ಆಗಿದ್ದಾನೆ, ಏನೂ ಆಗಿಲ್ಲ" ಎನ್ನುತ್ತ ತಾನೇ ವಿಸ್ಕಿ ಸುರಿದ. ಅಮಲೇರಿದವರಿಗೆ ಮದ್ಯ ಕೊಡಬಾರದೆಂಬ ಕಾನೂನು ಅವನಿಗೆ ಗೊತ್ತಿತ್ತು. ಹಳೇ ಗಿರಾಕಿಯನ್ನು ಕಳೆದುಕೊಳ್ಳುವ ಮನಸ್ಸಿರಲಿಲ್ಲ, ಅಷ್ಟೆ.

ಸ್ವಲ್ಪ ಹೊತ್ತಿಗೆ ಸ್ಟೋರ್‌ರೂಮಿನ ಕಡೆಯಿಂದ ಗ್ಲಾಸುಗಳು ಒಡೆದ ಸದ್ದು, ಹಿಂದೆಯೇ ಅವಳ ಚೀರು. ಓಡಿದೆ. ಅವನು ಅವಳನ್ನು ಗೋಡೆಗೆ ಒತ್ತಿ, ಬಾಯಿ ಮುಚ್ಚಿ, ಶರ್ಟು ಹರಿಯುತ್ತಿದ್ದ. ಅವಳು ಅವನ ಬೆರಳು ಕಚ್ಚಿದಳು. ಅವನು ಅವಳ ತಲೆಯನ್ನು ಗೋಡೆಗೆ ಬಡಿದ. ಐಸ್ ಬಕೆಟ್ ಎತ್ತಿ ಅವನ ಕಿವಿಯ ಮೇಲೆ ಹೊಡೆದೆ. ತಿರುಗಿ ನನ್ನ ಮುಖಕ್ಕೆ ಗುದ್ದಿದ. ಬಾಯಿ ತುಂಬ ರಕ್ತ. ಮತ್ತೆ ಹೊಡೆದೆ, ಬಿದ್ದ. ಪೊಲೀಸರು ಬರುವವರೆಗೆ ಅಡುಗೆಯವನು ಅವನ ಬೆನ್ನ ಮೇಲೆ ಕುಳಿತಿದ್ದ.

ಕೋರ್ಟಿನಲ್ಲಿ ಅವನು, "ಕುಡಿದಿದ್ದೆ, ನೆನಪಿಲ್ಲ" ಎಂದ. ಆದರೂ ಜೈಲಾಯಿತು. ಕೋರ್ಟಿನಿಂದ ಹೊರಗೆ ಬಂದ ಮೇಲೆ ಅವಳು, "ಕುಡಿದೋರೆಲ್ಲ ಹೀಗ್ಮಾಡ್ತಾರಾ? ಮಾಡಿದ್ದು ಅವನೇ. ಆದ್ರೆ ಸುರಿದುಕೊಟ್ಟೋನನ್ನೂ ನಾನು ಬಿಡಲ್ಲ," ಅಂದಳು.

ಬಿಡಲಿಲ್ಲ. ಪಬ್‌ನ ಲೈಸೆನ್ಸ್ ನವೀಕರಣಕ್ಕೆ ಬಂದಾಗ ಆಕ್ಷೇಪಣೆ ಹಾಕಿದಳು. ಲೈಸೆನ್ಸ್ ಉಳಿಸಿಕೊಳ್ಳಲು ಮಾಲೀಕ ಹೊಸ ನಿಯಮಗಳಿಗೆ ಒಪ್ಪಬೇಕಾಯಿತು: ಸಾಕು ಎನ್ನುವುದು ಕೌಂಟರಿನವರ ತೀರ್ಮಾನ, ಮಾಲೀಕನೂ ಅದನ್ನು ಮೀರುವಂತಿಲ್ಲ. ಯಾರ ಮೈ ಮುಟ್ಟಿದರೂ ಗಿರಾಕಿ ಹೊರಗೆ. ಹಗಲಲ್ಲೂ ಬಾಗಿಲಿಗೊಬ್ಬ ಕಾವಲುಗಾರ.

ಅವಳು ಮತ್ತೆ ಅಲ್ಲಿಗೆ ಕಾಲಿಡಲಿಲ್ಲ. ನಾನು ಹೋದೆ. ಮುಂದಿನ ಪಂದ್ಯದ ದಿನ, ಒಬ್ಬಳೇ ಕುಳಿತಿದ್ದ ಹುಡುಗಿಯ ಭುಜ ಹಿಡಿದು ಎಳೆಯುತ್ತಿದ್ದವನಿಗೆ, "ಇನ್ನು ಸಾಕು, ಹೊರಡಿ" ಎಂದೆ. ಅವನು ಬೈದು ಗ್ಲಾಸು ಎಸೆದ. ಅದು ನನ್ನ ಹಿಂದಿನ ಕನ್ನಡಿಗೆ ಬಡಿದು ಚೂರಾಯಿತು. ಕಾವಲುಗಾರ ಕಾಲರ್ ಹಿಡಿದು ಹೊರಗೆ ದಬ್ಬಿದ. ಮಾಲೀಕ ಪೊರಕೆ ತಂದ. ಹುಡುಗಿ ಚಿಪ್ಸ್ ತಿಂದು ಮುಗಿಸಿ, ಬಸ್ಸಿಗೆ ಹೊತ್ತಾಯಿತೆಂದು ಎದ್ದು ಹೋದಳು.