ಇಲ್ಲದ ಹೋಮಕ್ಕೆ ಸಾಕ್ಷಿ

ಸಂವಿಧಾನ ಬಂದು ನಮ್ಮ ರೂಢಿಗಳನ್ನೆಲ್ಲ ನುಂಗಿಹಾಕಿತು ಎಂದು ಗೋಳಿಡುವವರನ್ನು ಕಂಡರೆ ನನಗೆ ನಗು ಬರುತ್ತದೆ. ರೂಢಿಯನ್ನು ನುಂಗಲು ಹೊರಟವನೊಬ್ಬನನ್ನು ನಾನು ಸಿಂದಗಿಯ ಕೋರ್ಟಿನಲ್ಲಿ ಕಣ್ಣಾರೆ ನೋಡಿದ್ದೇನೆ. ಅವನು ನ್ಯಾಯಾಧೀಶನಲ್ಲ, ನಮ್ಮೂರ ಹಿರಿಯ.

ಎಪ್ಪತ್ತರ ದಶಕ ಆಗಿನ್ನೂ ಅರ್ಧ ಕಳೆದಿರಲಿಲ್ಲ. ನಾನು ಬಿಜಾಪುರದಲ್ಲಿ ಕಾನೂನು ಓದುತ್ತಿದ್ದೆ. ಮೊಕದ್ದಮೆ ನನ್ನ ಚಿಗವ್ವನದು, ಅವ್ವನ ತಂಗಿಯದು. ಅವಳ ಮೊದಲ ಗಂಡ ಅವಳನ್ನು ಬಿಟ್ಟಾಗ ಇದೇ ಹಿರಿಯ ಪಂಚಾಯಿತಿ ಕಟ್ಟೆಗೆ ಕೂತು ಆ ಮದುವೆಯಿಂದ ಬಿಡುಗಡೆ ಮಾಡಿಸಿದ್ದ. ಆಮೇಲೆ ಅವಳಿಗೆ ಉಡಿಕಿಯಾಯಿತು, ಎಂದರೆ ನಮ್ಮ ಕಡೆಯ ಮರುಮದುವೆ. ಆಲಮೇಲದ ಆಚೆ, ಭೀಮೆಯ ದಂಡೆಯ ಊರಲ್ಲಿ ಎರಡನೆಯ ಗಂಡನೊಡನೆ ಬಾಳಿದಳು. ಅವನು ತೀರಿಕೊಂಡದ್ದೇ ತಡ, ಮೈದುನ ಹೊಸ ರಾಗ ತೆಗೆದ: ಇವಳು ಹೆಂಡತಿಯಲ್ಲ, ಅಣ್ಣ ಇಟ್ಟುಕೊಂಡವಳು, ಮನೆ ಬಿಡಲಿ. ಅಣ್ಣ ಬದುಕಿದ್ದಷ್ಟೂ ಅವಳು ಬಡಿದ ರೊಟ್ಟಿ ಇದೇ ಮೈದುನನಿಗೆ ಅತ್ತಿಗೆಯ ಕೈಯ ರೊಟ್ಟಿಯೇ ಆಗಿತ್ತು.

ಕಾನೂನು ಅವಳ ಬೆನ್ನಿಗಿತ್ತು. ಹಳೆಯ ಕಾಲದಿಂದ ನಡೆದುಬಂದ ರೂಢಿ ಎಂದು ತೋರಿಸಿಕೊಟ್ಟರೆ ಕಟ್ಟೆಯ ಬಿಡುಗಡೆಯನ್ನೂ ಉಡಿಕಿಯನ್ನೂ ಕೋರ್ಟು ಒಪ್ಪುತ್ತದೆ. ನಡೆದದ್ದನ್ನು ನಡೆದ ಹಾಗೆ ಹೇಳಿದರೆ ಸಾಕು. ಚಿಗವ್ವ ಹಾಗೆಯೇ ಹೇಳಿದಳು.

"ಹೊಸ ಸೀರಿ ಉಡಿಸಿದ್ರು, ಉಡಿ ತುಂಬಿದ್ರು. ಮುತ್ತೈದೇರು ಯಾರೂ ಎದುರಿಗೆ ಬರಲಿಲ್ಲ. ತಾಳಿ ಕಟ್ಟಿದಾಕಿ ನಮ್ಮೂರ ಹಿರ್ಯಾನ ಅವ್ವರಿ. ಆಕೀದೂ ಉಡಿಕೀನ ಆಗಿತ್ತಲ್ರಿ, ಅದಕ್ಕ ಆಕೀನ ಕರದಿದ್ರು."

ಮುಂದಿನ ಸಾಕ್ಷಿ ಆ ಹಿರಿಯನೇ, ನಮ್ಮ ಕಡೆಯವನು. ಗಂಜಿ ಹಾಕಿದ ರುಮಾಲು ಸುತ್ತಿಕೊಂಡು ಕಟಕಟೆ ಹತ್ತಿದ. ತೆಂಕಣ ಸೀಮೆಯ ಆ ನ್ಯಾಯಾಧೀಶರ ನುಣುಪು ಕನ್ನಡ ಕಿವಿಗೆ ಬಿತ್ತೋ ಇಲ್ಲವೋ, ಅವನಿಗೆ ತನ್ನೂರಿನ ರೂಢಿಯೇ ಕೊಳಕಾಗಿ ಕಂಡಿರಬೇಕು.

"ನಮ್ಮದು ಅಂಥಾ ಇಂಥಾ ಮಂದಿ ಅಲ್ರಿ ಸಾಹೇಬ್ರ. ಹೋಮ ಮಾಡಿಸಿ, ಏಳು ಹೆಜ್ಜಿ ತುಳಿಸೇ ಮದಿವಿ ಮಾಡೇವಿ."

ನಮ್ಮ ವಕೀಲರು ಕಣ್ಣು ಮುಚ್ಚಿಕೊಂಡರು. ಎದುರು ವಕೀಲನಿಗೆ ಹಬ್ಬ. ಹೋಮ ಮಾಡಿಸಿದ ಪುರೋಹಿತ ಎಲ್ಲಿಯವನು ಎಂದು ಕೇಳಿದ. ಹಿರಿಯ ತಡವರಿಸಿ ತಂಗಡಗಿಯವನು ಎಂದ. ಭೀಮೆಯ ದಂಡೆಯ ಮದುವೆಗೆ ಕೃಷ್ಣೆಯ ದಂಡೆಯ ಪುರೋಹಿತ! ಅವನೀಗ ಎಲ್ಲಿದ್ದಾನೆ? ಸತ್ತ. ಮದುವೆಗೆ ಸಾಕ್ಷಿ ಹೇಳಲು ಬಂದ ಗೃಹಸ್ಥ, ಇಲ್ಲದ ಪುರೋಹಿತನನ್ನು ಹುಟ್ಟಿಸಿ ಅಲ್ಲೇ ಮಣ್ಣು ಮಾಡಿದ. ಚಿಗವ್ವನ ಮನೆಯನ್ನೂ ಅದೇ ಕುಣಿಗೆ ತಳ್ಳುತ್ತಿದ್ದೇನೆಂಬ ಎಚ್ಚರ ಅವನಿಗಿರಲಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಯಲ್ಲೂ ಇಷ್ಟು ದಡ್ಡ ವಾದ ನಾನು ಕೇಳಿಲ್ಲ.

ಆಗ ನ್ಯಾಯಾಧೀಶರೇ ಕೇಳಿದರು. "ತಾಳಿ ಕಟ್ಟಿದವರು ನಿಮ್ಮ ತಾಯಿಯಂತೆ. ಅವರ ಮದುವೆ ಹೇಗಾಗಿತ್ತು?"

ಹಿರಿಯ ರುಮಾಲು ಮುಟ್ಟಿಕೊಂಡ. ಹೋಮವಾಯಿತೆಂದರೆ ಇನ್ನೊಬ್ಬ ಪುರೋಹಿತನನ್ನು ಸಾಯಿಸಬೇಕು. ಉಡಿಕಿ ಎಂಬುದೇ ನಮ್ಮಲ್ಲಿಲ್ಲ ಎಂದರೆ ತನ್ನ ಹುಟ್ಟಿಗೇ ಸಂಚಕಾರ. ಏನೋ ಗೊಣಗಿದ. ಕೇಳಿಸಲಿಲ್ಲ ಎಂದರು ನ್ಯಾಯಾಧೀಶರು.

"ಉಡಿಕೀನ ಆಗಿತ್ರಿ. ಹೋಮ ಇಲ್ಲ ಏನಿಲ್ಲ. ನಮ್ಮಲ್ಲಿ ಮೊದಲಿಂದೂ ಹಂಗ ನಡದ ಬಂದೈತಿ."

ಚಿಗವ್ವನಿಗೆ ಮನೆ ಉಳಿಸಿಕೊಟ್ಟದ್ದು ಈ ಮಾತು. ತೀರ್ಪಿನಲ್ಲಿ ನ್ಯಾಯಾಧೀಶರು ಇದನ್ನೇ ಎತ್ತಿ ಬರೆದರು. ಆದರೆ ಅವತ್ತು ಆಲಮೇಲದ ಬಸ್ಸು ಕಾಯುವಾಗ ಹಿರಿಯ ನನ್ನ ಮೇಲೆ ಹರಿಹಾಯ್ದ.

"ನಿಮ್ಮ ಚಿಗವ್ವ ನನ್ನ ಮಾನ ಕಳದಳೋ ತಮ್ಮಾ."

"ನಿಮ್ಮವ್ವನ ಮದಿವಿ ಗಟ್ಟಿ ಮಾಡಿದಳಲ್ರಿ ಕಾಕಾ," ಎಂದೆ. ಬಸ್ಸಿನಲ್ಲಿ ಅವನು ದೂರ ಹೋಗಿ ಕೂತ.

ಇಷ್ಟಕ್ಕೆ ಕೋರ್ಟಿಗೆ ಆರತಿ ಎತ್ತಲು ನಾನು ತಯಾರಿಲ್ಲ. ಅದು ಉಳಿಸಿದ್ದು ಇಡೀ ರೂಢಿಯನ್ನು, ಅದರ ಹೊಲಸು ಸಮೇತ. ಉಡಿಕಿಯಾದವಳು ಮದುಮಗಳ ಎದುರಿಗೆ ಬರಬಾರದು ಎಂಬುದೂ ಅದೇ ರೂಢಿಯ ಮಾತು. ಮರುವರ್ಷ ಮೈದುನನ ಮಗಳ ಮದುವೆ ಗೊತ್ತಾಯಿತು. ಹಂದರ ಹಾಕುವಷ್ಟು ಅಂಗಳವಿದ್ದದ್ದು ಚಿಗವ್ವನ ಮನೆಗೆ ಮಾತ್ರ. ಮೈದುನನ ಪರವಾಗಿ ಕೇಳಲು ಬಂದವನು ಯಾರೆಂದರೆ ನಮ್ಮೂರ ಆ ಹಿರಿಯನೇ. ಅಂಗಳ ಕೊಡು, ಅಕ್ಕಿಕಾಳಿನ, ಎಂದರೆ ಅಕ್ಷತೆಯ, ಹೊತ್ತಿಗೆ ನೀನು ಒಳಗಿರು ಎಂದು ಅವನು ಬೆಣ್ಣೆಯಂತೆ ಹೇಳಿದ.

ಜೋಳ ಹಸನು ಮಾಡುತ್ತಿದ್ದ ಚಿಗವ್ವ ಮೊರ ಕೆಳಗಿಡಲಿಲ್ಲ.

"ಅಂಗಳ ನಂದು ಅಂತ ಕೋರ್ಟು ಹೇಳೇತಿ. ಹಂದರ ಹಾಕ್ರಿ. ಮೊದಲ ಅಕ್ಕಿಕಾಳು ನಾನ ಹಾಕಾಕಿ."

ಹಂದರ ಹಾಕಿದರು.