ಚಿಕ್ಕಪ್ಪನ ತೊಟ್ಟಿಯ ಪಾಚಿ

ಮೀನಿನ ತೊಟ್ಟಿಯಲ್ಲಿ ನೀರು ಸೋಸುವ ಸ್ಪಂಜನ್ನು ಹಿಂಡಿದಾಗ ಬರುವ ವಾಸನೆ ನಿಮಗೆ ಗೊತ್ತೇ? ಗೊತ್ತಿಲ್ಲದಿದ್ದರೆ, ಮಳೆ ನಿಂತ ಮೇಲೆ ಕೆರೆಯ ಕೋಡಿಯ ಹತ್ತಿರ ನಿಂತು ಉಸಿರೆಳೆದುಕೊಂಡದ್ದನ್ನು ನೆನಪಿಸಿಕೊಳ್ಳಿ, ಸುಮಾರಾಗಿ ಹಾಗೆಯೇ. ಇವತ್ತು ಬೆಳಿಗ್ಗೆ ಕುಂದಲಹಳ್ಳಿಯ ನನ್ನ ಬಾಡಿಗೆ ಮನೆಯ ಸಿಂಕಿನ ಮುಂದೆ, ನನ್ನದೇ ತೊಟ್ಟಿಯ ಸ್ಪಂಜು ಹಿಡಿದು ನಿಂತಿದ್ದಾಗ, ಆ ವಾಸನೆ ಮೂಗಿಗೆ ಬಡಿಯಿತು. ನಲ್ಲಿ ತಿರುಗಿಸಲು ಹೋದ ಕೈ ಅಲ್ಲೇ ನಿಂತಿತು. ಪೀಣ್ಯದ ಚಿಕ್ಕಪ್ಪನ ಮನೆಯ ಒಂದು ಭಾನುವಾರ ಕಣ್ಣ ಮುಂದೆ ಬಂತು.

ಅಂದು ತೊಟ್ಟಿಯ ಮುಂದೆ ನಾಲ್ವರಿದ್ದೆವು. ಮೊಣಕಾಲೂರಿ ಕೂತಿದ್ದ ಚಿಕ್ಕಪ್ಪ. ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದ ಚಿಕ್ಕಮ್ಮ. ತೊಟ್ಟಿ ಹೊತ್ತುಕೊಂಡು ಹೋಗಲು ಬಂದಿದ್ದ ಮಹಡಿಯ ಬಾಡಿಗೆಯ ಶರಣಪ್ಪ. ಮತ್ತೆ, ಯಾರೂ ಕರೆಯದಿದ್ದರೂ ಹಾಜರಾಗುವ ನಾನು. ಶರಣಪ್ಪ ವಿಜಯಪುರದ ಕಡೆಯವನು, ಪೀಣ್ಯದಲ್ಲೇ ಒಂದು ಕಾರ್ಖಾನೆಯಲ್ಲಿ ಕೆಲಸ. ಅವನ ಪರಿಚಯದ ಮೀನಿನ ಅಂಗಡಿಯವನು ತೊಟ್ಟಿ, ಮೀನು ಎರಡನ್ನೂ ತೆಗೆದುಕೊಳ್ಳಲು ಒಪ್ಪಿದ್ದ.

ಆ ತೊಟ್ಟಿ ಹೋಗುವುದೆಂದರೆ ಚಿಕ್ಕಪ್ಪನಿಗೆ ಏನೆಂದು ಹೇಳಿಬಿಡುತ್ತೇನೆ. ಅವರು ಸರ್ಕಾರಿ ಯಂತ್ರ ಕಾರ್ಖಾನೆಯಲ್ಲಿ ಕೊನೆಯವರೆಗೂ ತಪಾಸಣೆ ವಿಭಾಗದಲ್ಲಿದ್ದವರು. ಅವರು ‘ಸರಿ’ ಅನ್ನದೆ ಒಂದು ತಿರುಪೂ ಹೊರಗೆ ಹೋಗುತ್ತಿರಲಿಲ್ಲ. ನಿವೃತ್ತಿಯಾದ ಮೇಲೆ ಅವರನ್ನು ಏನಾದರೂ ಕೇಳುವವರೇ ಇಲ್ಲವಾಯಿತು. ಗೆಳೆಯರು ಬೀಳ್ಕೊಡುಗೆಗೆ ಕೊಟ್ಟ ಆ ತೊಟ್ಟಿಯ ಮೀನುಗಳು ಮಾತ್ರ, ಅವರು ಕೋಣೆಯಿಂದ ಹೊರಗೆ ಬಂದರೆ ಸಾಕು, ಗಾಜಿಗೆ ಮುಖವೊತ್ತಿ ಬಾಲವಾಡಿಸುತ್ತಿದ್ದವು. “ನೋಡೋ, ಡ್ಯೂಟಿಗೆ ಬಂದ್ರು ಸಾಹೇಬ್ರು ಅಂತಾವೆ,” ಎಂದು ಚಿಕ್ಕಪ್ಪ ಹಿಗ್ಗುತ್ತಿದ್ದರು.

ಹಾಗೆ ನಡೆಯುತ್ತಿದ್ದಾಗ ಪಾಚಿ ಬಂತು. ಮೊದಲು ಗಾಜಿನ ಮೇಲೆ ಕಂದು ದೂಳಿನಂತೆ; ಬೆರಳಾಡಿಸಿದರೆ ಹೋಗುತ್ತಿತ್ತು. ಆಮೇಲೆ ಹಸಿರು ಚುಕ್ಕೆಗಳು. ಅವಕ್ಕೆ ಹಳೆಯ ಬ್ಲೇಡೇ ಬೇಕಾಯಿತು. ಆಮೇಲೆ ಕಲ್ಲುಗಳಿಗೆ ಕೂದಲು ಬೆಳೆಯಿತು. ಚಿಕ್ಕಪ್ಪ ಟಾರ್ಚು, ಭೂತಗನ್ನಡಿ ಹಿಡಿದು ಒಂದೊಂದನ್ನೂ ಪರೀಕ್ಷಿಸುವರು. ಅವರಿಗೆ ಕೋಪಕ್ಕಿಂತ ಕುತೂಹಲವೇ ಹೆಚ್ಚು. “ಬಾ ಇಲ್ಲಿ, ಈ ಎಳೆ ನೋಡು, ಎಷ್ಟು ಸಣ್ಣ! ಇಷ್ಟು ಸಣ್ಣ ತಂತಿ ನಮ್ ಫ್ಯಾಕ್ಟ್ರೀಲಿ ಯಾವನಿಗೂ ಎಳೆಯೋಕಾಗ್ತಿರ್ಲಿಲ್ಲ,” ಎಂದು ನನಗೂ ತೋರಿಸುವರು. ಪಾಚಿಗೆ ಬೇಕಾದದ್ದು ಎರಡೇ, ಬೆಳಕು ಮತ್ತು ಊಟ, ಎಂಬುದನ್ನು ಅವರೇ ಓದಿ ತಿಳಿದುಕೊಂಡರು. ಕಿಟಕಿಗೆ ಹಳೆಯ ಪಂಚೆ ಕಟ್ಟಿದರು. ತೊಟ್ಟಿಯ ದೀಪವನ್ನು ಸಂಜೆ ಸ್ವಲ್ಪ ಹೊತ್ತು ಮಾತ್ರ ಹಾಕಿದರು. ಮೀನಿಗೆ ಕಾಳನ್ನು ಚಿಟಿಕೆಯಲ್ಲಿ ಅಳೆದು ಹಾಕಿದರು. ಪಾಚಿ ಮಾತ್ರ ಜಗ್ಗಲಿಲ್ಲ.

“ಹಬ್ಬಕ್ಕೆ ಜನ ಬರ್ತಾರೆ. ಅಷ್ಟರೊಳಗೆ ಪಾಚಿ ಹೋಗ್ಬೇಕು, ಇಲ್ಲಾ ತೊಟ್ಟಿ ಹೋಗ್ಬೇಕು ಕಣ್ರೀ,” ಎಂದರು ಚಿಕ್ಕಮ್ಮ.

ಹಬ್ಬವೆಂದರೆ ಆಯುಧಪೂಜೆ. ಕಾರ್ಖಾನೆಯವರ ಮನೆಗಳಲ್ಲಿ ಅದು ಎಂಥ ಹಬ್ಬವೆಂಬುದು ನಿಮಗೆ ತಿಳಿದೇ ಇರುತ್ತದೆ. ಬಿಚ್ಚಬಹುದಾದದ್ದನ್ನೆಲ್ಲ ಬಿಚ್ಚಿ, ತೊಳೆದು, ಹೊಳೆಯಿಸಿ, ಕುಂಕುಮವಿಡಬೇಕು. ಚಿಕ್ಕಪ್ಪ ಸ್ಕೂಟರ್ ಆದ ಮೇಲೆ ತೊಟ್ಟಿಗೆ ಕೈ ಹಾಕಿದರು. ಮೀನುಗಳನ್ನು ಬಕೆಟ್ಟಿಗೆ ಬಿಟ್ಟು, ನೀರೆಲ್ಲ ಚೆಲ್ಲಿ, ಕಲ್ಲುಗಳನ್ನು ಕುದಿಸಿ, ಗಾಜನ್ನು ತಿಕ್ಕಿ, ಶೋಧಕದ ಸ್ಪಂಜನ್ನು ನಲ್ಲಿಯ ಕೆಳಗೆ ಬೆಳ್ಳಗಾಗುವವರೆಗೆ ಹಿಂಡಿದರು. ತೊಟ್ಟಿ ಹೊಸ ಯಂತ್ರದಂತೆ ಥಳಥಳಿಸಿತು. ಗಾಜಿನ ಮೇಲೆ ವಿಭೂತಿ ಪಟ್ಟೆ, ಕುಂಕುಮ, ಮೇಲೊಂದು ಸೇವಂತಿಗೆ. ಬಂದವರೆಲ್ಲ ಹೊಗಳಿದರು.

ಮರುದಿನದಿಂದ ಮೀನುಗಳು ನೀರಿನ ಮೇಲಕ್ಕೆ ಬಂದು ಬಾಯಿ ಬಿಡತೊಡಗಿದವು. ನೀರಿನ ಕೊಳೆಯನ್ನು ಅರಗಿಸುವ ಕಣ್ಣಿಗೆ ಕಾಣದ ಜೀವಗಳು ಆ ಸ್ಪಂಜಿನಲ್ಲೇ ಬಿಡಾರ ಹೂಡಿರುತ್ತವೆ. ಅದನ್ನು ತೊಟ್ಟಿಯದೇ ನೀರಿನಲ್ಲಿ ಮೆಲ್ಲಗೆ ಜಾಲಿಸಬೇಕೇ ಹೊರತು ನಲ್ಲಿಗೆ ಹಿಡಿಯಬಾರದು. ಇದು ನಮಗೆ ಆಮೇಲೆ ತಿಳಿಯಿತು. ಚಿಕ್ಕಪ್ಪ ದಿನವೂ ಸ್ವಲ್ಪ ಸ್ವಲ್ಪ ನೀರು ಬದಲಿಸಿ ಉಳಿದವನ್ನು ಉಳಿಸಿಕೊಂಡರು. ಉದ್ದ ಬಾಲದ ಕೆಂಪು ಮೀನು ಮಾತ್ರ ಉಳಿಯಲಿಲ್ಲ. ಅದನ್ನು ದಾಸವಾಳದ ಕುಂಡದಲ್ಲಿ ಹೂಳಿದ್ದು ಚಿಕ್ಕಮ್ಮ. ಸ್ವಲ್ಪ ದಿನಕ್ಕೆ ಪಾಚಿ ಮತ್ತೆ ತಲೆಯೆತ್ತಿತು.

“ಸಾಕು. ಜೀವ ಹೋಗೋದ್ ನೋಡೋಕಾಗಲ್ಲ ನನ್ ಕೈಲಿ. ಕೊಟ್ಬಿಡಿ,” ಎಂದರು ಚಿಕ್ಕಮ್ಮ. ಚಿಕ್ಕಪ್ಪ ತಪಾಸಣೆಯಲ್ಲಿ ತಾವೇ ಸೋತವರಂತೆ ತಲೆಯಾಡಿಸಿದರು.

ಅಂತೂ ಆ ಭಾನುವಾರ ಬಂತು. ತೊಟ್ಟಿ ಹಗುರವಾಗಲೆಂದು ಚಿಕ್ಕಪ್ಪ ಕೊಳವೆ ಇಳಿಬಿಟ್ಟು ನೀರನ್ನು ಬಕೆಟ್ಟಿಗೆ ಹರಿಸುತ್ತಿದ್ದರು. ಕಲ್ಲುಗಳ ಸಂದಿಯಿಂದ ಬೆಳ್ಳಗೆ ಉಬ್ಬಿದ್ದೇನೋ ಬಂದು ಬಿತ್ತು. ಅದರ ಹಿಂದೆ ಇನ್ನೊಂದು. ಅವರು ಅದನ್ನು ಅಂಗೈಯಲ್ಲಿಟ್ಟುಕೊಂಡು ಭೂತಗನ್ನಡಿ ತರಿಸಿದರು.

ಶರಣಪ್ಪ ಬಗ್ಗಿ ನೋಡಿದ. “ಕಾಕಾರ, ಅದಕ್ಯಾಕ್ರೀ ಕನ್ನಡಿ? ಅನ್ನದ ಅಗಳ ಐತಲ್ರೀ!”

ಎಲ್ಲರೂ ಚಿಕ್ಕಮ್ಮನ ಕಡೆ ತಿರುಗಿದೆವು. ಅವರು ಸೆರಗು ಸರಿಮಾಡಿಕೊಂಡರು.

“ಏನೇ ಇದು?”

“ನೈವೇದ್ಯದ್ದು.”

“ತೊಟ್ಟಿ ಬೇಡ ಬೇಡ ಅಂತ ನನ್ ತಲೆ ತಿಂದು, ಹಿಂದಿನಿಂದ ನೀನೇ ಊಟಕ್ಕೆ ಹಾಕ್ತಿದ್ಯಾ?”

“ಇನ್ನೇನ್ ಮಾಡ್ಲಿ?” ಚಿಕ್ಕಮ್ಮನ ದನಿ ಏರಿತು. “ಮೊದ್ಲೆಲ್ಲ ಕಾಗೆಗಿಟ್ಟು ಉಣ್ತಿದ್ದೆ. ಪಾರಿವಾಳ ಗಲೀಜು ಮಾಡುತ್ತೆ ಅಂತ ಬಾಲ್ಕನಿಗೆ ಬಲೆ ಹೊಡ್ಸಿದ್ದು ಯಾರು? ಎದುರಿಗೆ ಬಾಯಿ ತೆರ್ಕೊಂಡು ನಿಂತಿರ್ತಾವೆ, ಅವಕ್ಕೆ ಕೊಡ್ದೆ ನನ್ ಗಂಟಲಲ್ಲಿ ಇಳಿಯುತ್ತಾ?”

ಶರಣಪ್ಪ ತಲೆ ಕೆರೆದುಕೊಂಡು, “ನಾನೂ ಪಾಳಿ ಮುಗಿಸಿ ಕೀಲಿ ಇಸ್ಕೊಳ್ಳಾಕ ಒಳಗ ಬಂದಾಗ ನಾಕ್ ಚುರುಮುರಿ ಒಗೀತಿದ್ನಿರೀ,” ಎಂದ. ಎರಡು ಮನೆಯ ಊಟ ತೊಟ್ಟಿಯ ತಳದಲ್ಲಿ ಕೊಳೆಯುತ್ತಿತ್ತು. ಪಾಚಿಗೆ ದಿನವೂ ಹಬ್ಬ.

ಚಿಕ್ಕಪ್ಪ ಎದ್ದರು. ಕತ್ತರಿ ಹುಡುಕಿ, ಬಾಲ್ಕನಿಗೆ ಹೋಗಿ, ಬಲೆಯ ಮೂಲೆಯಲ್ಲಿ ತಟ್ಟೆ ಹಿಡಿಸುವಷ್ಟು ಕತ್ತರಿಸಿದರು. ವಾಪಸ್ ಬಂದು ಶರಣಪ್ಪನಿಗೆ, “ನಿನ್ ಅಂಗಡಿಯವನಿಗೆ ಬೇಡ ಅಂತ ಹೇಳ್ಬಿಡಪ್ಪ,” ಎಂದರು. ಚಿಕ್ಕಮ್ಮ ಒಳಗೆ ಹೋಗಿ ಕಾಫಿಗೆ ಇಟ್ಟರು. ಪಾಚಿ ಆಮೇಲೆ ತಾನಾಗಿ ಇಳಿಯಿತು, ಪೂರ್ತಿ ಹೋಗಲಿಲ್ಲ. ಮೀನುಗಳು ಕೆರೆದು ತಿನ್ನಲೆಂದು ಹಿಂದಿನ ಗಾಜಿನ ಹಸಿರನ್ನು ಹಾಗೇ ಬಿಟ್ಟರು. ಕಾಗೆಗಳ ಜೊತೆ ಪಾರಿವಾಳಗಳೂ ಬಂದವು. ಚಿಕ್ಕಪ್ಪ ಗೊಣಗುತ್ತ ಬಾಲ್ಕನಿ ತೊಳೆದರು.

ಅವರ ತೊಟ್ಟಿ ನೋಡಿ ನೋಡಿಯೇ ನನಗೂ ಈ ಹುಚ್ಚು ಹತ್ತಿದ್ದು. ಇವತ್ತು ಅವರಿಬ್ಬರೂ ಊಟಕ್ಕೆ ಬರುವವರಿದ್ದರು; ಅದಕ್ಕೇ ಬೆಳಿಗ್ಗೆ ನನ್ನ ತೊಳೆಯುವ ಸಡಗರ. ನಲ್ಲಿಯನ್ನು ಬಿಟ್ಟು ತೊಟ್ಟಿಯ ನೀರನ್ನೇ ಬಕೆಟ್ಟಿಗೆ ತೆಗೆದು ಸ್ಪಂಜು ಜಾಲಿಸಿದೆ. ಹಿಂದಿನ ಗಾಜನ್ನು ಮುಟ್ಟಲಿಲ್ಲ.

ಮಧ್ಯಾಹ್ನ ಮೆಜೆಸ್ಟಿಕ್‌ನಲ್ಲಿ ಮೆಟ್ರೊ ಬದಲಿಸಿಕೊಂಡು ಬಂದರು. ಎಲೆಯ ಮುಂದೆ ಕೂತ ಚಿಕ್ಕಮ್ಮ ಒಂದು ತುತ್ತು ಅನ್ನವನ್ನು ಬದಿಗಿಟ್ಟರು. ತೊಟ್ಟಿಯ ಕಡೆ ನೋಡಿದರು. ಆಮೇಲೆ ನನ್ನ ಬಾಲ್ಕನಿಯ ಕಡೆ. ಅಲ್ಲಿ ಮಾಲೀಕರು ಹೊಡೆಸಿದ ಹೊಸ ಬಲೆಯಿತ್ತು.

ಚಿಕ್ಕಪ್ಪ ಎದ್ದು ಕೈ ತೊಳೆದುಕೊಂಡರು. “ಮನೇಲಿ ಕತ್ತರಿ ಇದ್ಯೇನೋ?”

ತಂದುಕೊಟ್ಟೆ.