ಮರಳಿನ ಬಿಸಿ ನೋಡುತ್ತಿದ್ದ ಟೀಚರ್

ಅವರ ಸೀರೆಯ ನೆರಿಗೆಯಿಂದ ಸದಾ ಮರಳು ಉದುರುತ್ತಿತ್ತು. ಲಿಫ್ಟಿನಲ್ಲಿ, ಮೆಟ್ಟಿಲ ಮೇಲೆ, ಆಗಷ್ಟೇ ಒರೆಸಿದ ನನ್ನ ಹಾಲಿನಲ್ಲಿ. ಕಡಲ ದಡದ ತೆಲುಗು ಊರು ಮಧುರವಾಡದ ಅಪಾರ್ಟ್‌ಮೆಂಟಿನಲ್ಲಿ ನಮ್ಮ ಕೆಳಗಿನ ಮನೆಯವರು. ಧಾರವಾಡದ ಕಡೆಯ, ನಿವೃತ್ತರಾದ ಜೀವಶಾಸ್ತ್ರದ ಟೀಚರ್. ಕನ್ನಡದವಳೆಂದು ಗೊತ್ತಾದ ದಿನವೇ ನನ್ನನ್ನು ಹಿಡಿದರು. ಆಮೇಲೆ ಬಿಡಲೇ ಇಲ್ಲ.

ಋಷಿಕೊಂಡದ ದಡದಲ್ಲಿ ಕಡಲಾಮೆಗಳು ಇಟ್ಟ ಮೊಟ್ಟೆಗಳನ್ನು ನಾಯಿಗಳು ಬಗೆದು ತಿನ್ನುತ್ತವೆಂದು ಒಂದಷ್ಟು ಜನ ಅವನ್ನು ಬೇಲಿಯೊಳಗೆ ತಂದು ಹೂಳುತ್ತಿದ್ದರು. ಆ ಬೇಲಿಗೆ ಟೀಚರೇ ಯಜಮಾನಿ. ಮರಳಿಗೆ ಥರ್ಮಾಮೀಟರ್ ಚುಚ್ಚಿ ನೋಡಿ ಬಂದು, ಮಗುವಿನ ಜ್ವರದ ಸುದ್ದಿಯಂತೆ ನನಗೆ ವರದಿ ಒಪ್ಪಿಸುತ್ತಿದ್ದರು. ನನ್ನ ಬಕೆಟ್ಟು, ಪರದೆ, ಭಾನುವಾರಗಳೆಲ್ಲ ಅಲ್ಲಿಗೇ ಹೋದವು.

ಬ್ಯಾಂಕಿನವರು ನನ್ನನ್ನು ವಿಜಯವಾಡಕ್ಕೆ ವರ್ಗ ಮಾಡಿದಾಗ, ಸದ್ಯ ಇದೊಂದು ತಪ್ಪಿತಲ್ಲ ಅಂದುಕೊಂಡೆ. ಫೋನು ಬಂತು.

"ಅಲ್ಲೇ ಒನ್ ಟೌನ್ ಪ್ಯಾಟಿಗೆ ಹೋಗವಾ. ಛಲೋ ಶೇಡ್ ನೆಟ್ ತಗೊಂಡು ಬಾ. ಮರಳು ಭಾಳ ಕಾಯಾಕತ್ತದ."

"ಟೀಚರ್, ನನಗೆ ರಜ ಇಲ್ಲ."

"ಬಿಸಿಲು ನಿನ್ನ ರಜಾ ಕೇಳಿ ಬರ್ತದೇನು?"

ಆಗ ಅತ್ತೆ ಮೈಸೂರಿನಿಂದ ಬಂದಿದ್ದರು. ನಮಗೆ ಇಬ್ಬರೂ ಹೆಣ್ಣುಮಕ್ಕಳು. ಮೂರನೆಯದಾದರೂ ಗಂಡಾಗಲೆಂದು ಋಷಿಕೊಂಡದ ಹತ್ತಿರದ ಸಿಂಹಾಚಲ ದೇವಸ್ಥಾನದಲ್ಲಿ ಹರಕೆ ಹೊರುವುದು ಅವರ ಹಟ. ಮೂರನೆಯದು ಬೇಕೇ ಎಂದು ನನ್ನನ್ನು ಯಾರೂ ಕೇಳಿರಲಿಲ್ಲ. ಹೇಗೂ ಹೋಗುವುದಿತ್ತಲ್ಲ, ನೆರಳು ಬಲೆಯ ಭಾರದ ಸುರುಳಿಯನ್ನು ರೈಲಿಗೆ ಹೇರಿ, ದಾರಿಯುದ್ದಕ್ಕೂ ಅತ್ತೆಯಿಂದ ಬೈಸಿಕೊಂಡು ಹೊರಟೆ.

ದಡಕ್ಕೆ ಹೋದಾಗ ಒಂದು ಗೂಡಿನಿಂದ ಮರಿಗಳು ಮೇಲೆದ್ದಿದ್ದವು. ಅತ್ತೆ ಬಗ್ಗಿ ನೋಡಿದರು. "ಇವುಗಳಲ್ಲಿ ಗಂಡು ಯಾವುದು?"

"ಮೇಲೆ ನೋಡಿದ್ರ ಗೊತ್ತಾಗೂದಿಲ್ರೀ," ಅಂದರು ಟೀಚರ್. "ಮೊಟ್ಟಿ ಇದ್ದ ಮರಳು ಬೆಚ್ಚಗಿದ್ರ ಹೆಣ್ಣು ಜಾಸ್ತಿ, ತಂಪಿದ್ರ ಗಂಡು. ಮಿತಿ ಮೀರಿ ಕಾದ್ರ ಒಳಗ ಸತ್ತು ಹೋಗ್ತಾವ."

"ಹಾಗಾದ್ರೆ ನಮ್ಮ ಸೊಸೆಗೂ ತಂಪಿನ ಪದಾರ್ಥ ತಿನ್ನಿಸ್ಬೇಕಾಗಿತ್ತು," ಎಂದು ಅತ್ತೆ ನಕ್ಕರು.

ಟೀಚರ್ ನಗಲಿಲ್ಲ. "ಮನಷ್ಯಾರೊಳಗ ಹಂಗಿಲ್ರೀ. ಗಂಡೋ ಹೆಣ್ಣೋ ಅನ್ನೂದು ಅಪ್ಪನ ಬೀಜದಾಗ ಇರ್ತದ. ಕೇಳೂದಿದ್ರ ನಿಮ್ಮ ಮಗನ್ನ ಕೇಳ್ರಿ. ಪಾಪ, ಅದು ಅವನ ಕೈಯಾಗೂ ಇಲ್ಲ."

ಬಲೆಯ ಒಂದು ತುದಿ ಹಿಡಿದು ನಿಂತಿದ್ದ ನನ್ನ ಗಂಡ ಕೆಂಪಾದರು. ಸುತ್ತಲಿದ್ದವರೆಲ್ಲ ನಮ್ಮನ್ನೇ ನೋಡುತ್ತಿದ್ದರು. ನಮ್ಮ ಮನೆಯ ಮಾತನ್ನು ಹೀಗೆ ಬೀದಿಗೆಳೆಯಲು ಇವರಾರು ಎಂದು ನನಗೂ ಮೈ ಉರಿಯಿತು. ಅತ್ತೆ ಮುಖ ತಿರುಗಿಸಿ ಬಾಡಿಗೆ ಕಾರಿನಲ್ಲಿ ಹೋಗಿ ಕುಳಿತರು.

ಮರುದಿನ ಸಿಂಹಾಚಲದ ಮೆಟ್ಟಿಲ ಬಳಿ, ಅಷ್ಟು ವರ್ಷ ಬಾಯಿ ಬಿಡದಿದ್ದ ನನ್ನ ಗಂಡ ಹೇಳಿದರು: "ಅಮ್ಮಾ, ಹರಕೆ ಬೇಡ. ನಮಗೆ ಇಬ್ಬರೇ ಸಾಕು."

ಅತ್ತೆ ಮೊಮ್ಮಕ್ಕಳಿಬ್ಬರ ಕೈ ಹಿಡಿದು ದರ್ಶನಕ್ಕೆ ನಡೆದರು. ಆ ಮಾತು ನಮ್ಮ ಮನೆಯಲ್ಲಿ ಮತ್ತೆ ಬರಲಿಲ್ಲ.

ಕಳೆದ ಬೇಸಿಗೆಯಲ್ಲಿ ಟೀಚರ್ ತೀರಿಕೊಂಡರು. ಎದೆಯ ತೊಂದರೆಯಿತ್ತು, ಬಿಸಿಲಿಗೆ ಹೋಗಬೇಡಿ ಎಂದು ಡಾಕ್ಟರು ಹೇಳಿದ್ದರು, ಹೋದರು. ಸುದ್ದಿ ಕೇಳಿದಾಗ ನನಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. ಇಂಥವರಿಗೆ ಯಾರಿಂದ ತಾನೇ ಬುದ್ಧಿ ಹೇಳಲಾಗುತ್ತದೆ? ನನಗಂತೂ ಒಂದು ಥ್ಯಾಂಕ್ಸ್ ಕೂಡ ಹೇಳಲಾಗಲಿಲ್ಲ. ಹೇಳಬೇಕೆಂದು ಫೋನು ಮಾಡಿದಾಗಲೆಲ್ಲ ಇನ್ನೊಂದು ಕೆಲಸ ಹಚ್ಚಿ ಫೋನಿಟ್ಟುಬಿಡುತ್ತಿದ್ದರು.